ಯುದ್ಧವಿಮಾನದ ಕಲ್ಪನೆಯೂ ಕಲ್ಯಾಣದ ಸಾಕ್ಷ್ಯವೂ

'ವೈಮಾನಿಕಶಾಸ್ತ್ರ'ವೆಂಬ ಸಂಸ್ಕೃತಗ್ರಂಥವು ಕನ್ನಡನಾಡಿನಲ್ಲಿ ಹುಟ್ಟಿ, ಕನ್ನಡನಾಡಿನಲ್ಲಿಯೇ ಪರೀಕ್ಷೆಗೆ ಒಳಪಟ್ಟು, ಇಂದಿಗೂ ಸಭೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಚರ್ಚೆಗೆ ಬರುತ್ತಿರುವ ವಿಚಿತ್ರಕೃತಿ. ಇದನ್ನು ಭರದ್ವಾಜ ಮಹರ್ಷಿಯ ರಚನೆಯೆಂದು ನಂಬುವವರು, ಪ್ರಾಚೀನ ಭಾರತದಲ್ಲಿ ಯುದ್ಧವಿಮಾನಗಳಿದ್ದುವೆಂಬುದಕ್ಕೆ ಪ್ರಮಾಣವಾಗಿ ಮುಂದಿಡುತ್ತಾರೆ. ನಂಬದವರು ನಕ್ಕು ಬದಿಗಿರಿಸುತ್ತಾರೆ. ಈ ಎರಡು ಮಾರ್ಗಗಳಲ್ಲಿಯೂ ಒಂದು ಕೆಲಸ ಉಳಿದುಹೋಗಿದೆ. ಇಲ್ಲದ ವಿಮಾನವನ್ನು ಕಲ್ಪಿಸಿದ ಗ್ರಂಥವೊಂದನ್ನು ಕಲ್ಪನೆಯೆಂದೇ ಒಪ್ಪಿಕೊಂಡು, ಆ ಕಲ್ಪನೆ ಎಂಥದು, ಎಷ್ಟರಮಟ್ಟಿಗೆ ಸತ್ತ್ವವುಳ್ಳದ್ದು ಎಂದು ವಿಮರ್ಶಿಸುವುದೇ ಆ ಕೆಲಸ. ಇದಕ್ಕೆ ಒರೆಗಲ್ಲಾಗಿ ಒದಗತಕ್ಕ ಮೂರು ಸಾಕ್ಷ್ಯಗಳಿವೆ. ಮೊದಲನೆಯದು ಕಲ್ಯಾಣದಲ್ಲಿ ಆಳಿದ ಅರಸನೊಬ್ಬನ ಶಾಸ್ತ್ರಗ್ರಂಥ. ಎರಡನೆಯದು ಪೂರ್ವಕವಿಗಳ, ವಿಶೇಷವಾಗಿ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಕವಿಯೊಬ್ಬನ, ವಿಮಾನವರ್ಣನೆ. ಮೂರನೆಯದು ೧೯೪೮ರಲ್ಲಿ ಬಸವಕಲ್ಯಾಣ-ಹುಮನಾಬಾದುಗಳ ಸೀಮೆಯು ಕಂಡ ನಿಜವಾದ ಯುದ್ಧವಿಮಾನ.

೧

ಗ್ರಂಥದ ಉತ್ಪತ್ತಿವೃತ್ತಾಂತವು ಈಗ ಸಾಕಷ್ಟು ಸ್ಪಷ್ಟವಾಗಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ೧೯೧೮ರಿಂದ ೧೯೨೩ರವರೆಗೆ ಶ್ಲೋಕಗಳನ್ನು ಬಾಯಿಂದ ಹೇಳಿದರು; ಜಿ. ವೆಂಕಟಾಚಲ ಶರ್ಮರು ಅವನ್ನು ಬರೆದುಕೊಂಡರು. ಹಳೆಯ ಓಲೆಯ ಪ್ರತಿಯೊಂದು ಆಧಾರವಾಗಿ ಇರಲಿಲ್ಲ. ಋಷಿಯ ವಾಕ್ಯವು ಅಂತಃಸ್ಫುರಣದಿಂದ ತಮಗೆ ಗೋಚರವಾಯಿತೆಂಬುದು ಶಾಸ್ತ್ರಿಗಳ ಕಡೆಯ ಹೇಳಿಕೆ. ವಿಮಾನಗಳ ಚಿತ್ರಗಳನ್ನು ಬೆಂಗಳೂರಿನ ಟಿ. ಕೆ. ಎಲ್ಲಪ್ಪನವರು ೧೯೨೩ರಲ್ಲಿ ಬರೆದರು. ೧೯೫೨ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಅವರು ಇಂಥದೊಂದು ಗ್ರಂಥವಿರುವ ಸಂಗತಿಯನ್ನು ಲೋಕಕ್ಕೆ ತಿಳಿಸಿದರು. ೧೯೫೯ರಲ್ಲಿ ಹಿಂದಿಯಲ್ಲಿಯೂ, ೧೯೭೩ರಲ್ಲಿ ಜೋಸ್ಯರ್ ಅವರಿಂದಲೇ ಇಂಗ್ಲಿಷಿನಲ್ಲಿಯೂ ಇದರ ಅನುವಾದಗಳು ಹೊರಬಂದುವು.

ಮರುವರ್ಷವೇ, ಎಂದರೆ ೧೯೭೪ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು, ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು ಮತ್ತು ಎಸ್. ಪಿ. ಗೋವಿಂದರಾಜು ಅವರು, ಗ್ರಂಥವನ್ನು ಪರಿಶೀಲಿಸಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಭಾಷೆಯನ್ನೂ ಛಂದಸ್ಸನ್ನೂ ಗ್ರಂಥದ ಇತಿಹಾಸವನ್ನೂ ನೋಡಿ, ಇದು ೧೯೦೪ಕ್ಕಿಂತ ಹಿಂದಿನದಾಗಲಾರದೆಂದು ಅವರು ತೀರ್ಮಾನಿಸಿದರು. ಅಲ್ಲಿ ವರ್ಣಿತವಾದ ವಿಮಾನಗಳಿಗೆ ಹಾರುವ ಯೋಗ್ಯತೆಯಿಲ್ಲವೆಂದೂ, ಕರ್ತೃವಿಗೆ ವಿಮಾನಶಾಸ್ತ್ರದ ಮೂಲತತ್ತ್ವಗಳ ಪರಿಚಯವಿರಲಿಲ್ಲವೆಂದೂ ಗಣಿತದಿಂದ ತೋರಿಸಿದರು. ಇಷ್ಟಾಗಿಯೂ, ೨೦೧೫ರ ಜನವರಿಯಲ್ಲಿ ಮುಂಬಯಿಯಲ್ಲಿ ಸೇರಿದ್ದ ೧೦೨ನೆಯ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಾಚೀನ ವಿಮಾನವಿದ್ಯೆಯನ್ನು ಕುರಿತ ಪ್ರಬಂಧವೊಂದು ಇದೇ ಗ್ರಂಥವನ್ನು ಆಶ್ರಯಿಸಿತು. ವಿಜ್ಞಾನದ ಉತ್ತರವೊಂದರಿಂದಲೇ ಈ ಪ್ರಶ್ನೆ ಮುಗಿಯುವುದಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಗ್ರಂಥವು ಓದುಗರ ಮನಸ್ಸನ್ನು ಹಿಡಿಯುವುದು ಗಣಿತದಿಂದಲ್ಲ. ಆದಕಾರಣ ಅದನ್ನು ಸಾಹಿತ್ಯದ ಕಡೆಯಿಂದಲೂ ನೋಡತಕ್ಕದ್ದಾಗಿದೆ.

೨

ಗ್ರಂಥದ ಒಳಗನ್ನು ನೋಡಿದರೆ, ಮೊದಲು ಎದ್ದು ಕಾಣುವುದು ಅದರ ವಿಶ್ವನಿರ್ಮಾಣ. ಯುಗಭೇದಕ್ಕೆ ತಕ್ಕಂತೆ ವಿಮಾನಗಳು ಮಾಂತ್ರಿಕ, ತಾಂತ್ರಿಕ, ಕೃತಕವೆಂದು ಮೂರು ಬಗೆ. ಮನುಷ್ಯನ ತಪಶ್ಶಕ್ತಿ ಕುಗ್ಗಿದಂತೆಲ್ಲ ಮಂತ್ರದ ಸ್ಥಾನಕ್ಕೆ ಯಂತ್ರ ಬರುತ್ತದೆ. ಕೃತಕವಿಮಾನಗಳಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕನ್ನು ವಿಸ್ತರಿಸಿ ಹೇಳಿದೆ. ಶಕುನಕ್ಕೆ ಹಕ್ಕಿಯಂತೆ ರೆಕ್ಕೆಯೂ ಬಾಲವೂ ಉಂಟು; ತ್ರಿಪುರವು ನೆಲ, ಜಲ, ಆಕಾಶ ಮೂರರಲ್ಲಿಯೂ ಚಲಿಸುತ್ತದೆ. ಲೋಹಗಳು, ದರ್ಪಣಗಳು, ಚಾಲಕನ ಉಡುಪು, ಆಹಾರ ಎಲ್ಲಕ್ಕೂ ನಿಯಮಗಳಿವೆ. ಅಂತು, ತನ್ನದೇ ಕಾಲಗಣನೆ, ತನ್ನದೇ ದ್ರವ್ಯಗಳು, ತನ್ನದೇ ಪರಿಭಾಷೆಯುಳ್ಳ ಒಂದು ಕಲ್ಪಿತ ಜಗತ್ತು ಇಲ್ಲಿ ಸಿದ್ಧವಾಗಿದೆ. ಇಂದು ವೈಜ್ಞಾನಿಕ ಕಥಾಸಾಹಿತ್ಯವೆಂದು ಹೆಸರಾದ ಪ್ರಕಾರವು ಮಾಡುವ ಮೊದಲ ಕೆಲಸವೂ ಇದೇ.

ಈ ಜಗತ್ತಿನ ವಿಮಾನವು ಪ್ರಧಾನವಾಗಿ ಯುದ್ಧದ ವಿಮಾನವೆಂಬುದು ಚಾಲಕನು ತಿಳಿಯಬೇಕಾದ ೩೨ ರಹಸ್ಯಗಳಿಂದ ತಿಳಿಯುತ್ತದೆ. 'ಅದೃಶ್ಯ'ದಿಂದ ವಿಮಾನವು ಕಣ್ಣಿಗೆ ಕಾಣದಂತಾಗುತ್ತದೆ, 'ಪರಶಬ್ದಗ್ರಾಹಕ'ದಿಂದ ಶತ್ರುವಿಮಾನದೊಳಗಿನ ಮಾತು ಕೇಳಿಬರುತ್ತದೆ, 'ರೂಪಾಕರ್ಷಣ'ದಿಂದ ಅದರೊಳಗಿನ ದೃಶ್ಯವು ದೊರೆಯುತ್ತದೆ, 'ಸ್ತಬ್ಧಕ'ದಿಂದ ಅದರಲ್ಲಿರುವವರು ಮೈಮರೆಯುತ್ತಾರೆ, 'ಮಹಾಶಬ್ದವಿಮೋಹನ'ದಿಂದ ಗುಡುಗಿನಂಥ ಸದ್ದು ಹೊರಟು ಕೇಳಿದವರು ಮೂರ್ಛೆಹೋಗುತ್ತಾರೆ, 'ಪ್ರಲಯ'ದಿಂದ ಸರ್ವನಾಶವಾಗುತ್ತದೆ. ಹೆಸರುಗಳು ಸಂಸ್ಕೃತದವು, ಆಸೆಗಳು ಮಾತ್ರ ಇಪ್ಪತ್ತನೆಯ ಶತಮಾನದ ಸೇನಾಪತಿಯವು.

ಇದು ಕಾಕತಾಳೀಯವೆನ್ನುವಂತಿಲ್ಲ. ರೈಟ್ ಸೋದರರು ೧೯೦೩ರ ಡಿಸೆಂಬರಿನಲ್ಲಿ ಹಾರಿದರು. ಎಚ್. ಜಿ. ವೆಲ್ಸ್ ಆಕಾಶಯುದ್ಧವನ್ನು ಕುರಿತ ತನ್ನ ಕಾದಂಬರಿಯನ್ನು ೧೯೦೮ರಲ್ಲಿ ಪ್ರಕಟಿಸಿದನು. ೧೯೧೧ರ ನವೆಂಬರ್ ೧ರಂದು ಇಟಲಿಯ ಜೂಲಿಯೊ ಗವೊತ್ತಿ ಲಿಬಿಯದಲ್ಲಿ ವಿಮಾನದಿಂದ ಕೈಯಾರೆ ಬಾಂಬುಗಳನ್ನು ಎಸೆದನು. ೧೯೧೫ರಲ್ಲಿ ಜರ್ಮನರ ವಾಯುನೌಕೆಗಳು ಲಂಡನ್ನಿನ ಮೇಲೆ ಬೆಂಕಿಯನ್ನು ಸುರಿಸಿದುವು. ಆನೇಕಲ್ಲಿನ ಪಂಡಿತರು ಶ್ಲೋಕಗಳನ್ನು ಹೇಳತೊಡಗಿದ ೧೯೧೮ರಲ್ಲಿ ಆ ಮಹಾಯುದ್ಧವು ಮುಗಿಯಿತು. ಲೋಕದಲ್ಲೆಲ್ಲ ಕಲ್ಪನೆಯು ಬಾಂಬುವಿಮಾನದ ಸುತ್ತ ಸುಳಿಯುತ್ತಿದ್ದ ಕಾಲದಲ್ಲಿ, ಬಡತನ ರೋಗ ಅಲೆದಾಟಗಳಲ್ಲಿ ಬೆಂದ ಒಬ್ಬ ಸಂಸ್ಕೃತಜ್ಞರು ಅದನ್ನು ತಮಗೆ ತಿಳಿದ ಒಂದೇ ಭಾಷೆಯಲ್ಲಿ, ತಮಗೆ ಪೂಜ್ಯವಾದ ಒಂದೇ ಪ್ರಕಾರದಲ್ಲಿ, ಎಂದರೆ ಋಷಿಪ್ರೋಕ್ತಶಾಸ್ತ್ರದ ರೂಪದಲ್ಲಿ, ಕಲ್ಪಿಸಿದರೆಂದು ತಿಳಿಯುವುದು ಯುಕ್ತ. ಹಾಗೆ ತಿಳಿದಾಗ ಗ್ರಂಥಕ್ಕೆ ಅವಮಾನವಾಗುವುದಿಲ್ಲ. ಪರಾಧೀನವಾದ ನಾಡಿನ ಪಂಡಿತನೊಬ್ಬನು ಆಳುವವರ ಯಂತ್ರವನ್ನು ಕಂಡು, ಇದು ಹಿಂದೆ ತನ್ನವರದಾಗಿತ್ತೆಂದು ಹೇಳಿಕೊಂಡ ಮಾತಿನಲ್ಲಿ ಒಂದು ಕಾಲದ ನೋವು ಅಡಗಿದೆ. ಆ ನೋವಿಗಾಗಿ ಇದು ಓದತಕ್ಕ ಕೃತಿಯೇ ಆಗಿದೆ.

೩

ಆದರೆ ನೋವು ಪ್ರಮಾಣವಾಗಲಾರದು. ಶಾಸ್ತ್ರವೆಂಬ ಹೆಸರನ್ನು ಹೊತ್ತ ಮೇಲೆ ಶಾಸ್ತ್ರದ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಇದಕ್ಕೆ ಕಲ್ಯಾಣಕ್ಕಿಂತ ತಕ್ಕ ಸ್ಥಳ ಮತ್ತೊಂದಿಲ್ಲ. ಇಂದು ಬಸವಕಲ್ಯಾಣವೆಂದು ಕರೆಯಿಸಿಕೊಳ್ಳುವ ಆ ನಗರದಿಂದ ಆಳಿದ ಚಾಲುಕ್ಯ ದೊರೆ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ 'ಮಾನಸೋಲ್ಲಾಸ'ವನ್ನು ರಚಿಸಿದನು. 'ಅಭಿಲಷಿತಾರ್ಥಚಿಂತಾಮಣಿ'ಯೆಂದೂ ಹೆಸರುಳ್ಳ ಈ ಗ್ರಂಥವು ಐದು ಪ್ರಕರಣಗಳಲ್ಲಿ, ಪ್ರಕರಣಕ್ಕೆ ೨೦ರಂತೆ, ೧೦೦ ಅಧ್ಯಾಯಗಳಾಗಿ ಹರಡಿದೆ. ಅರಸನಾದವನು ತಿಳಿಯಬೇಕಾದುದು, ಬಯಸಬಹುದಾದುದು ಯಾವುದನ್ನೂ ಬಿಡದೆ ಹೇಳಬೇಕೆಂಬುದು ಅದರ ಹಂಬಲ. ಕೋಟೆ, ಸೈನ್ಯ, ಆನೆ, ಕುದುರೆ, ಚಿತ್ರ, ಸಂಗೀತ, ಮಲ್ಲಯುದ್ಧ, ಮೀನುಬೇಟೆ ಎಲ್ಲವೂ ಅಲ್ಲಿ ಬಂದಿವೆ. ಇಂದಿನ ಇಡ್ಲಿಯ ಪೂರ್ವರೂಪವೆನ್ನುವ 'ಇಡ್ಡರಿಕಾ'ವನ್ನು ಉದ್ದಿನ ಹಿಟ್ಟಿನಿಂದ ಮಾಡುವ ಬಗೆಯೂ ಅಲ್ಲುಂಟು.

ಈ ಅರಸನ ಶಾಸ್ತ್ರಬುದ್ಧಿ ಎಂಥದೆಂಬುದನ್ನು ಅರಿಯಲು ಮೇಣದ ಅಚ್ಚಿನಿಂದ ಲೋಹಪ್ರತಿಮೆಯನ್ನು ಎರೆಯುವ ಪ್ರಕರಣವೊಂದು ಸಾಕು. ಮೊದಲು ಮೇಣದಲ್ಲಿ ಪ್ರತಿಮೆಯನ್ನು ಮಾಡಿ ತೂಗಬೇಕು. ಬಳಿಕ ಮಣ್ಣನ್ನು ಮೆತ್ತಿ, ಒಣಗಿಸಿ, ಕಾಯಿಸಿ, ಮೇಣವನ್ನು ಹೊರಕ್ಕೆ ಹರಿಯಿಸಬೇಕು. ಬೆಳ್ಳಿಯಾದರೆ ಮೇಣದ ತೂಕದ ೧೨ ಪಾಲು, ಚಿನ್ನವಾದರೆ ೧೬ ಪಾಲು ಬೇಕೆಂದು ಲೆಕ್ಕ ಕೊಟ್ಟಿದೆ. ಈ ಲೆಕ್ಕವನ್ನು ಯಾವ ಎರಕದವನಾದರೂ ತನ್ನ ಮೂಸೆಯಲ್ಲಿ ಪರೀಕ್ಷಿಸಿ ನೋಡಬಹುದು. ವೈಮಾನಿಕಶಾಸ್ತ್ರದಲ್ಲಿಯೂ ಲೆಕ್ಕಗಳಿಗೆ ಕೊರತೆಯಿಲ್ಲ. ಆದರೆ ಅಲ್ಲಿ ಅಳೆಯಲ್ಪಡುವ ದ್ರವ್ಯಗಳಲ್ಲಿ ಬಹುಪಾಲು ಆ ಗ್ರಂಥದ ಹೊರಗೆ ಎಲ್ಲಿಯೂ ದೊರೆಯದ ಹೆಸರುಗಳು. ಸಂಖ್ಯೆಯಿದ್ದ ಮಾತ್ರಕ್ಕೆ ಶಾಸ್ತ್ರವಾಗುವುದಿಲ್ಲ. ಸಂಖ್ಯೆಯು ಕೈಗೆ ಸಿಗುವ ವಸ್ತುವೊಂದನ್ನು ಮುಟ್ಟಬೇಕು. ಸೋಮೇಶ್ವರನ ಸಂಖ್ಯೆ ಬೆಳ್ಳಿಯನ್ನು ಮುಟ್ಟುತ್ತದೆ.

ಉಪಭೋಗಪ್ರಕರಣದಲ್ಲಿ ಯಾನಗಳಿಗೆಂದೇ ಒಂದು ಅಧ್ಯಾಯವಿದ್ದರೂ ಆಕಾಶದಲ್ಲಿ ಸಂಚರಿಸುವ ಯಂತ್ರದ ನಿರ್ಮಾಣವಿಧಿ ಮಾನಸೋಲ್ಲಾಸದಲ್ಲಿಲ್ಲ. ಆ ಗ್ರಂಥದ ಅರಸನು ಯುದ್ಧವಿಲ್ಲದ ದಿನಗಳಲ್ಲಿ ಬಾನಿಗೆ ಹಾರಿಸುವುದು ಬೇಟೆಯ ಗಿಡುಗವನ್ನು. ಮೌನವು ಅಭಾವಕ್ಕೆ ಸಾಕ್ಷಿಯಾಗಲಾರದೆಂಬ ಆಕ್ಷೇಪ ಇಲ್ಲಿ ಬರಬಹುದು. ಸಾಮಾನ್ಯವಾಗಿ ಅದು ಸರಿಯಾದ ಆಕ್ಷೇಪವೇ ಹೌದು. ಒಂದು ವಿಷಯವನ್ನು ಮಾತ್ರ ಹೇಳಹೊರಟವನ ಮೌನಕ್ಕೆ ಬೆಲೆಯಿಲ್ಲ. ಆದರೆ ಎಲ್ಲವನ್ನೂ ಹೇಳುವೆನೆಂದು ನೂರು ಅಧ್ಯಾಯಗಳನ್ನು ಬರೆದ, ಸೈನ್ಯವನ್ನೂ ವಾಹನವನ್ನೂ ಚೆನ್ನಾಗಿ ಬಲ್ಲ, ಸ್ವಯಂ ಸಮರಾನುಭವವುಳ್ಳ ಮನೆತನದ ದೊರೆಯ ಮೌನಕ್ಕೆ ಬೆಲೆಯುಂಟು.

ಚಾಲುಕ್ಯರ ಎದುರಾಳಿಯಾಗಿದ್ದ ಧಾರಾನಗರದ ಭೋಜರಾಜನ ಹೆಸರಿನ 'ಸಮರಾಂಗಣಸೂತ್ರಧಾರ'ದಲ್ಲಿ ಹಾರುವ ಯಂತ್ರದ ಮಾತು ಬರುತ್ತದೆಂಬುದನ್ನು ಮರೆಮಾಡಬೇಕಾಗಿಲ್ಲ. ಅದರ ೩೧ನೆಯ ಅಧ್ಯಾಯವಾದ ಯಂತ್ರವಿಧಾನದಲ್ಲಿ ಹಗುರವಾದ ಮರದಿಂದ ದೊಡ್ಡ ಹಕ್ಕಿಯನ್ನು ಮಾಡಿ, ಹೊಟ್ಟೆಯಲ್ಲಿ ಪಾದರಸವನ್ನಿಟ್ಟು, ಕೆಳಗೆ ಬೆಂಕಿಯಿಕ್ಕಿ ಹಾರಿಸುವ ಪ್ರಸ್ತಾವವಿದೆ. ಕಾಯಿಸಿದ ಪಾದರಸದ ಪಾತ್ರೆಯಿಂದ ಸಿಂಹನಾದವನ್ನು ಹೊರಡಿಸಿ ಆನೆಗಳನ್ನು ಬೆದರಿಸುವ ಮಾತೂ ಇದೆ. ಜೊತೆಗೆ, ಯಂತ್ರಗಳ ಘಟನೆಯನ್ನು ತಿಳಿಯದೆ ಬಿಟ್ಟದ್ದಲ್ಲ, ಗುಟ್ಟಾಗಿರಲೆಂದು ಬಿಟ್ಟದ್ದು ಎಂಬ ಸಮಾಧಾನವೂ ಉಂಟು. ಕಲ್ಪನೆಯು ಶಾಸ್ತ್ರದ ವೇಷವನ್ನು ಧರಿಸುವಾಗ ಗುಟ್ಟು ಎಂಬ ಪದವು ಎಷ್ಟು ಉಪಯುಕ್ತವೆಂಬುದು ಇದರಿಂದ ಗೊತ್ತಾಗುತ್ತದೆ. ಭೋಜನ ಗ್ರಂಥವು ಈ ಪದವನ್ನು ಕೆಲವೇ ಶ್ಲೋಕಗಳಿಗೆ ಬಳಸಿ ಮುಂದೆ ಸಾಗಿತು. ಆನೇಕಲ್ಲಿನ ಗ್ರಂಥವು ಅದರ ಮೇಲೆಯೇ ಮನೆ ಕಟ್ಟಿತು.

೪

ಶಾಸ್ತ್ರವೆಂದು ನಿಲ್ಲದ ಗ್ರಂಥವು ಕಾವ್ಯವೆಂದಾದರೂ ನಿಲ್ಲಬಹುದಷ್ಟೆ. ಇಲ್ಲಿ ಹೋಲಿಕೆಗೆ ಬರುವುದು ಪೂರ್ವಕವಿಗಳ ವಿಮಾನಗಳು.

ಭಾರತೀಯ ಕಲ್ಪನೆಯಲ್ಲಿ ಬಾಂಬುವಿಮಾನಕ್ಕೆ ಅತ್ಯಂತ ಸಮೀಪವಾದದ್ದು ಪುಷ್ಪಕವಲ್ಲ, ಸಾಲ್ವನ ಸೌಭ. ಭಾಗವತದಲ್ಲಿ ಅದು ಮಯನು ನಿರ್ಮಿಸಿಕೊಟ್ಟ ಕಬ್ಬಿಣದ ಪುರ. ದ್ವಾರಕೆಯ ಮೇಲೆ ನಿಂತು ಬಂಡೆ, ಮರ, ಸಿಡಿಲು, ಹಾವುಗಳನ್ನು ಸುರಿಸುತ್ತದೆ. ಮಹಾಭಾರತದ ವನಪರ್ವದಲ್ಲಿ ಕೃಷ್ಣನು ಇದೇ ಕಥೆಯನ್ನು ಯುಧಿಷ್ಠಿರನಿಗೆ ಹೇಳುತ್ತಾನೆ. ಅಲ್ಲಿ ವ್ಯಾಸರ ಲಕ್ಷ್ಯವು ಸೌಭದ ಯಂತ್ರರಚನೆಯ ಕಡೆಗೆ ಹೋಗದೆ ದ್ವಾರಕೆಯ ಕಡೆಗೆ ಹೋಗುತ್ತದೆಂಬುದು ಗಮನಿಸತಕ್ಕ ಸಂಗತಿ. ಸೇತುವೆಗಳನ್ನು ಕಿತ್ತರು; ದೋಣಿಗಳನ್ನು ತಡೆದರು; ಅಗಳುಗಳಲ್ಲಿ ಶೂಲಗಳನ್ನು ನಾಟಿದರು; ಯಾರೂ ಮದ್ಯಪಾನ ಮಾಡಕೂಡದೆಂದು ಸಾರಿದರು; ನಟನರ್ತಕರನ್ನು ಹೊರಕ್ಕೆ ಕಳುಹಿದರು; ಮುದ್ರೆಯಿಲ್ಲದೆ ಯಾರೂ ಒಳಕ್ಕೆ ಬರುವಂತಿರಲಿಲ್ಲ, ಹೊರಕ್ಕೆ ಹೋಗುವಂತಿರಲಿಲ್ಲ. ಮೇಲಿನಿಂದ ಅಪಾಯ ಬರುವ ಊರೊಂದರ ಬಾಳು ಹೇಗೆ ಬಿಗಿದುಕೊಳ್ಳುತ್ತದೆಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಮುಂದೆ ಕೃಷ್ಣನೇ ಸೌಭವನ್ನು ಬೆನ್ನಟ್ಟಿ ಹೋರಾಡುವಾಗ, ತನ್ನ ತಂದೆ ವಸುದೇವನು ಕೈಕಾಲು ಚೆಲ್ಲಿ ಆ ವಿಮಾನದಿಂದ ಬೀಳುತ್ತಿರುವಂತೆ ಕಾಣುತ್ತದೆ. ಅದು ಮಾಯೆ, ಆದರೂ ಕೃಷ್ಣನ ಕೈಯಿಂದ ಬಿಲ್ಲು ಜಾರುತ್ತದೆ. ಸೌಭವು ಸುರಿಸಿದ ವಸ್ತುಗಳಲ್ಲೆಲ್ಲ ಘೋರವಾದದ್ದು ಈ ತಂದೆಯ ದೇಹ. ಆಕಾಶಯುದ್ಧದ ಮರ್ಮವನ್ನು ಕವಿಯು ಇಲ್ಲಿ ಹಿಡಿದಿದ್ದಾನೆ. ಮೇಲಿನಿಂದ ಬೀಳುವುದು ಕಲ್ಲಾಗಲಿ ಬೆಂಕಿಯಾಗಲಿ, ಕೆಳಗಿನವನಿಗೆ ಅದು ತನ್ನವರ ಸಾವಾಗಿಯೇ ತಲಪುತ್ತದೆ.

ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಕವಿ, ಅಭಿನವಪಂಪನೆಂದು ಬಿರುದಾಂತ ನಾಗಚಂದ್ರನ 'ರಾಮಚಂದ್ರಚರಿತಪುರಾಣ'ದಲ್ಲಿ ಮತ್ತೊಂದು ಬಗೆಯ ಜಗತ್ತಿದೆ. ವಿಮಲಸೂರಿಯ ಪರಂಪರೆಯನ್ನು ಹಿಡಿದ ಈ ಜೈನರಾಮಾಯಣದಲ್ಲಿ ರಾಕ್ಷಸರೂ ವಾನರರೂ ವಿದ್ಯಾಧರವಂಶದ ಮನುಷ್ಯರು. ಅವರು ಹಾರುವುದು ದೇವತ್ವದಿಂದಲ್ಲ, ಸಾಧಿಸಿಕೊಂಡ ವಿದ್ಯೆಯಿಂದ. ಅದ್ಭುತಕ್ಕೆ ಕಾರಣವನ್ನು ಒದಗಿಸಿ ಅದನ್ನು ನಿಯಮಕ್ಕೆ ಒಳಪಡಿಸುವ ಈ ಬುದ್ಧಿಯು ಇಂದಿನ ವೈಜ್ಞಾನಿಕ ಕಥೆಗಾರನ ಬುದ್ಧಿಗೆ ಬಹು ಹತ್ತಿರದ್ದು. ವೈಮಾನಿಕಶಾಸ್ತ್ರದ ಯುಗವಿಭಾಗಕ್ಕಿಂತ ಈ ವಿದ್ಯಾಧರಲೋಕವು ಎಷ್ಟೋ ಮಿಗಿಲಾದ ವಿಶ್ವನಿರ್ಮಾಣ. ಏಕೆಂದರೆ ಇಲ್ಲಿ ಪ್ರತಿಯೊಂದು ವಿದ್ಯೆಗೂ ಬೆಲೆಯುಂಟು, ಅದನ್ನು ತೆರುವ ಮನುಷ್ಯನುಂಟು.

ಈ ಪರಂಪರೆಯ ಕಥೆಯಲ್ಲಿ ರಾವಣನು ಸೀತೆಯನ್ನು ಪುಷ್ಪಕದಲ್ಲಿ ಒಯ್ಯುವಾಗ ರತ್ನಜಟಿಯೆಂಬ ವಿದ್ಯಾಧರನು ಅವಳ ಅಳಲನ್ನು ಕೇಳಿ ಅಡ್ಡಬರುತ್ತಾನೆ. ರಾವಣನು ಅವನ ವಿದ್ಯೆಯನ್ನು ಕಿತ್ತುಕೊಳ್ಳುತ್ತಾನೆ. ಅವನು ನೆಲಕ್ಕೆ ಬೀಳುತ್ತಾನೆ. ಮುಂದೆ ಸೀತೆಯ ಸುಳಿವನ್ನು ಕೊಡುವವನು ಹಾಗೆ ಬಿದ್ದ ಇವನೇ. ಆಕಾಶದಲ್ಲಿ ನಡೆದ ಅನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲುವವನು ರೆಕ್ಕೆ ಮುರಿದು ನೆಲದ ಮೇಲಿರುವವನು. ಇನ್ನು ರಾವಣನ ಮಾತು. ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತವನ್ನು ಅವನು ಹೊತ್ತಿದ್ದಾನೆ. ವಿಮಾನದ ವೇಗವೂ, ಯುದ್ಧಮಧ್ಯದಲ್ಲಿ ಜಿನಾಲಯದಲ್ಲಿ ಕುಳಿತು ಸಾಧಿಸಿದ ಬಹುರೂಪಿಣೀ ವಿದ್ಯೆಯೂ ಆ ವ್ರತದ ಎದುರಿಗೆ ನಿಷ್ಫಲವಾಗುತ್ತವೆ. ಸೀತೆ ಮೂರ್ಛೆಹೋದುದನ್ನು ಕಂಡು ಅವನ ಮನಸ್ಸು ತಿರುಗುತ್ತದೆ. ಆದರೆ ಸೋಲದೆ ಒಪ್ಪಿಸಲಾರೆನೆಂಬ ಅಭಿಮಾನ ಅಡ್ಡವಾಗಿ, ಗೆದ್ದ ಮೇಲೆ ಒಪ್ಪಿಸುವೆನೆಂದು ರಣಕ್ಕೆ ನಡೆದು ಅಳಿಯುತ್ತಾನೆ. ಆಕಾಶವೆಲ್ಲ ತನ್ನದಾದವನು ತನ್ನ ಮನಸ್ಸಿನಿಂದ ಒಂದು ಹೆಜ್ಜೆ ಆಚೆಗೆ ಹೋಗಲಾರದಾದನು. ನಾಗಚಂದ್ರನ ಪುಷ್ಪಕವು ಜೀವಂತವಾಗಿರುವುದು ಅದರಲ್ಲಿ ಇಂಥವನೊಬ್ಬನು ಕುಳಿತಿರುವುದರಿಂದ.

ವೈಮಾನಿಕಶಾಸ್ತ್ರದ ವಿಮಾನದಲ್ಲಿ ಕುಳಿತವರು ಯಾರು? ಚಾಲಕನಿಗೆ ಉಡುಪುಂಟು, ಊಟವುಂಟು. ಹೆಸರಿಲ್ಲ, ಸಂಕಲ್ಪವಿಲ್ಲ, ಸಂದೇಹವಿಲ್ಲ. 'ಪ್ರಲಯ'ವು ಯಾರ ಮೇಲೆ ಬೀಳುತ್ತದೆ? ಅದನ್ನು ಗ್ರಂಥವು ಕೇಳುವುದೇ ಇಲ್ಲ. ಮಹಾಶಬ್ದದಿಂದ ಮೂರ್ಛೆಹೋದವರು ಎಚ್ಚತ್ತರೇ ಎಂಬುದಕ್ಕೆ ಒಂದು ಶ್ಲೋಕವೂ ಮೀಸಲಾಗಿಲ್ಲ. ಗ್ರಂಥದ ಕಣ್ಣು ಆದ್ಯಂತವೂ ವಿಮಾನದೊಳಗೇ ಉಳಿಯುತ್ತದೆ. ಕಾವ್ಯವಾಗಿ ಅದರ ಸೋಲಿಗೆ ಕಾರಣವಿದು: ಅದಕ್ಕೆ ಮೇಲಿನ ನೋಟವುಂಟು, ಕೆಳಗಿನ ನೋಟವಿಲ್ಲ. ಹಾರಲಾರದ ವಿಮಾನವನ್ನು ಕಲ್ಪಿಸಿದ್ದು ದೋಷವಲ್ಲ; ಸೌಭವೂ ಪುಷ್ಪಕವೂ ಹಾರುವಂಥವಲ್ಲ. ಅದರ ನೆರಳು ಬೀಳುವ ನೆಲವನ್ನು ಕಲ್ಪಿಸದೆ ಹೋದದ್ದು ದೋಷ.

೫

ಆ ನೆಲ ಎಂಥದೆಂಬುದನ್ನು ಇತಿಹಾಸವು ಕಲ್ಯಾಣದ ಸೀಮೆಯಲ್ಲಿಯೇ ತೋರಿಸಿತು. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೇನೆಯು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನಾಯಕತ್ವದಲ್ಲಿ ಸೊಲ್ಲಾಪುರದ ಕಡೆಯಿಂದ ಹೈದರಾಬಾದು ಸಂಸ್ಥಾನವನ್ನು ಪ್ರವೇಶಿಸಿ ನಳದುರ್ಗವನ್ನು ಹಿಡಿಯಿತು. ಆಗ ಬೀದರ ಜಿಲ್ಲೆಯು ನಿಜಾಮನ ಆಳಿಕೆಯಲ್ಲಿತ್ತು. ಉಮರ್ಗಾದಿಂದ ಪೂರ್ವಕ್ಕೆ ಸಾಗುವ ಹೆದ್ದಾರಿಯು ಬಸವಕಲ್ಯಾಣ ತಾಲೂಕಿನ ರಾಜೇಶ್ವರವನ್ನು ಹಾದು, ಹುಮನಾಬಾದಿನ ಮೂಲಕ ಜಹೀರಾಬಾದಿನ ಕಡೆಗೆ ಹೋಗುತ್ತದೆ. ೧೪ರಂದು ದಾರಿಯಲ್ಲಿ ಹೊಂಚುಹಾಕಿದ ಎದುರಾಳಿಗಳ ನೆಲೆಗಳಿರುವುದು ವಿಮಾನವೀಕ್ಷಣೆಯಿಂದ ತಿಳಿದಾಗ, ಟೆಂಪೆಸ್ಟ್ ಎಂಬ ಯುದ್ಧವಿಮಾನಗಳನ್ನು ಕರೆಯಿಸಿ ಮೇಲಿನಿಂದ ದಾಳಿಮಾಡಿಸಲಾಯಿತು. ದಾರಿ ತೆರವಾಗಿ ಸೇನೆಯು ಆ ಮಧ್ಯಾಹ್ನ ರಾಜೇಶ್ವರವನ್ನು ಸೇರಿತು. ೧೭ರಂದು ನಿಜಾಮನು ಯುದ್ಧವಿರಾಮವನ್ನು ಸಾರಿದನು. ಇಲ್ಲಿಯ ಜನರಿಗೆ ಅದು ಬಿಡುಗಡೆಯ ಗಳಿಗೆಯೂ ಆಗಿತ್ತು, ಭಯದ ಗಳಿಗೆಯೂ ಆಗಿತ್ತು.

ಇಡ್ಡರಿಕಾವನ್ನೂ ಗಿಡುಗವನ್ನೂ ಮರೆಯದ ಅರಸನು ಯಾವ ಯಂತ್ರವನ್ನು ಹೇಳಲಿಲ್ಲವೋ ಅದೇ ಯಂತ್ರವು, ಎಂಟು ಶತಮಾನಗಳ ಮೇಲೆ, ಅವನ ರಾಜಧಾನಿಯ ನೆರೆಯ ಹೊಲಗಳ ಮೇಲೆ ಹಾರಿತು. ಅದರ ಲೋಹಕ್ಕೆ ಗುಟ್ಟಿನ ಹೆಸರುಗಳಿರಲಿಲ್ಲ. ಅದನ್ನು ಕಾರ್ಖಾನೆಗಳು ಮಾಡಿದ್ದುವು. ಬೆಂಗಳೂರಿನಲ್ಲಿಯೇ ೧೯೪೦ರ ಡಿಸೆಂಬರಿನಲ್ಲಿ ಮೈಸೂರು ಸರಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದರು ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ೧೯೪೨ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗವು ಆರಂಭವಾಗಿತ್ತು. ವಿಮಾನವನ್ನು ಕಟ್ಟಬಲ್ಲ ವಿದ್ಯೆಯು ನಾಡಿಗೆ ಬಂದ ಬಗೆಯಿದು. ಇದರಲ್ಲಿ ಹೆಮ್ಮೆಪಡತಕ್ಕದ್ದು ಬೇಕಾದಷ್ಟಿರುವಲ್ಲಿ ಋಷಿಯ ಹೆಸರನ್ನು ಸಾಲ ತರುವ ಅಗತ್ಯ ಕಾಣುವುದಿಲ್ಲ.

ಸಾಹಿತ್ಯವನ್ನು ಬೋಧಿಸುವವರಿಗೆ ಈ ವಿಚಾರದಲ್ಲಿ ಒಂದು ಹೊಣೆಯಿದೆ. ಪುಷ್ಪಕವನ್ನೂ ಸೌಭವನ್ನೂ ಮರೆತುಹೋದ ಯಂತ್ರಗಳ ವರದಿಯೆಂದು ಪಾಠ ಹೇಳಿದರೆ ವಿಜ್ಞಾನಕ್ಕೆ ಆಗುವ ಹಾನಿ ಅಲ್ಪ. ವಿಜ್ಞಾನವು ೧೯೭೪ರಲ್ಲಿ ಮಾಡಿದಂತೆ ತನ್ನನ್ನು ತಾನು ಕಾಪಾಡಿಕೊಳ್ಳಬಲ್ಲುದು. ಹಾನಿಯಾಗುವುದು ಕಾವ್ಯಕ್ಕೆ. ವಿಮಾನದ ಉದ್ದಗಲಗಳನ್ನು ಹುಡುಕಹೊರಟ ವಿದ್ಯಾರ್ಥಿಗೆ ಬೀಳುತ್ತಿರುವ ವಸುದೇವನು ಕಾಣುವುದಿಲ್ಲ, ನೆಲಕ್ಕೊರಗಿದ ರತ್ನಜಟಿ ಕಾಣುವುದಿಲ್ಲ, ಪಶ್ಚಾತ್ತಾಪದಿಂದ ಬೆಂದ ರಾವಣನು ಕಾಣುವುದಿಲ್ಲ. ಅದೇ ರೀತಿ, ಮಾನಸೋಲ್ಲಾಸದಂಥ ನಿಜಶಾಸ್ತ್ರವನ್ನು ಇಂಥ ಗ್ರಂಥದ ಜೊತೆಗೆ ಒಂದೇ ಸಾಲಿನಲ್ಲಿ ಕೂರಿಸಿದರೆ, ಬೆಳ್ಳಿಗೆ ೧೨ ಪಾಲೆಂದು ತೂಗಿ ಹೇಳಿದವನ ಪ್ರಾಮಾಣಿಕತೆಗೆ ಬೆಲೆಯಿಲ್ಲದಂತಾಗುತ್ತದೆ.

ವೈಮಾನಿಕಶಾಸ್ತ್ರಕ್ಕೆ ಸಲ್ಲತಕ್ಕ ಸ್ಥಾನವು ಇಪ್ಪತ್ತನೆಯ ಶತಮಾನದ ಆರಂಭದ ಕಲ್ಪನಾಸಾಹಿತ್ಯದಲ್ಲಿದೆ. ಅಲ್ಲಿ ಅದನ್ನು ಇರಿಸಿ, ವೆಲ್ಸನ ಕಾದಂಬರಿಯ ಪಕ್ಕದಲ್ಲಿ, ಪರಾಧೀನವಾದ ನಾಡೊಂದು ಕಂಡ ಕನಸೆಂದು ಓದಿದರೆ ಸುಬ್ಬರಾಯ ಶಾಸ್ತ್ರಿಗಳ ಶ್ರಮಕ್ಕೆ ನ್ಯಾಯ ಸಿಗುತ್ತದೆ. ಅದರ ಕೊರತೆಯೂ ಸ್ಪಷ್ಟವಾಗುತ್ತದೆ. ಯುದ್ಧವಿಮಾನವನ್ನು ಕುರಿತು ಕನ್ನಡದಲ್ಲಿ ಇನ್ನು ಮುಂದೆ ಹುಟ್ಟುವ ಕಥೆಗಳಿಗೆ ಮಾದರಿಯನ್ನು ಹುಡುಕುವವರು ಆನೇಕಲ್ಲಿನ ಯಂತ್ರಪಟ್ಟಿಗಿಂತ ವನಪರ್ವದ ದ್ವಾರಕೆಯನ್ನೂ, ನಾಗಚಂದ್ರನ ಲಂಕೆಯನ್ನೂ, ಉಮರ್ಗಾದಿಂದ ಹುಮನಾಬಾದಿಗೆ ಹೋಗುವ ದಾರಿಯನ್ನೂ ನೋಡುವುದು ಲೇಸು.